ದವಾಖಾನೆಯ ಖಾತೆವಹಿಯಲ್ಲಿ ನಮ್ಮ ಹೆಸರು

ನಮ್ಮಂಥ ವ್ಯಾಪಾರದ ಮನೆತನಗಳಲ್ಲಿ ಔಷಧದ ಮಾತು ಬಂದರೆ ಸಾಕು, ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಸಾಕ್ಷಿ ಸಿದ್ಧವಾಗಿರುತ್ತದೆ. "ನಮ್ಮ ಬೀಗರಿಗೆ ಆ ಗುಳಿಗೆಯಿಂದ ಎಂಟೇ ದಿನದಲ್ಲಿ ಗುಣ ಬಂತು" ಎಂದು ಒಬ್ಬರು, "ಅದೇ ಗುಳಿಗೆಯಿಂದ ನಮ್ಮ ಸೋದರಮಾವನ ಮೂತ್ರಪಿಂಡ ಕೆಟ್ಟಿತು" ಎಂದು ಇನ್ನೊಬ್ಬರು. ಬಸದಿಯ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಯಲ್ಲಿ, ಅಂಗಡಿಯ ಗಾದಿಯ ಮೇಲೆ ಇದೇ ನಡೆದಿರುತ್ತದೆ. ಸೊಲ್ಲಾಪುರದ ಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಬಟ್ಟೆ ವ್ಯಾಪಾರ. ಒಬ್ಬ ಗಿರಾಕಿ ಚಾದರು ಹೊಗಳಿದನೆಂದು ನಾವು ನೂರು ಗಂಟು ತರಿಸುವುದಿಲ್ಲ. ಹೋದ ವರ್ಷದ ಖಾತೆವಹಿ ತೆಗೆದು ಎಷ್ಟು ಮಾಲು ಹೋಯಿತು, ಎಷ್ಟು ವಾಪಸು ಬಂತು, ಎಷ್ಟು ಉದ್ರಿ ಮುಳುಗಿತು ಎಂದು ನೋಡುತ್ತೇವೆ. ಜೀವದ ವಿಷಯದಲ್ಲಿ ಮಾತ್ರ ನಮಗೆ ಬೀಗರ ಮಾತೇ ಸಾಕಾಗುತ್ತದೆ.

ದವಾಖಾನೆಯ ವೈದ್ಯರಲ್ಲಿಯೂ ಇಂಥ ಖಾತೆವಹಿ ಇಡುವವರಿದ್ದಾರೆಂದು ನಮಗೆ ತಿಳಿದದ್ದು ತೀರ ತಡವಾಗಿ. ನಾವು ಕಲಿತದ್ದು ಮ್ಯಾಟ್ರಿಕ್‌ವರೆಗೆ ಮಾತ್ರ. ಆದರೂ ಮನೆಯಲ್ಲಿ ಈಗ ಇದರದೇ ಮಾತು ನಡೆದಿರುವುದರಿಂದ, ತಿಳಿದಷ್ಟನ್ನು ಬಾಂಧವರ ಮುಂದೆ ಇಡುತ್ತಿದ್ದೇವೆ.

ಮೊದಲು ಒಂದು ಹಳೆಯ ಸಂಗತಿ. ನಮ್ಮ ದೊಡ್ಡಪ್ಪನವರಿಗೆ ಕ್ಷಯ ತಗುಲಿದಾಗ ನಾವಿನ್ನೂ ಹುಟ್ಟಿರಲಿಲ್ಲ. ಅವರನ್ನು ಮಿರಜಿನ ಹತ್ತಿರದ ವಾನ್ಲೆಸವಾಡಿಯ ಸ್ಯಾನಿಟೋರಿಯಮ್ಮಿನಲ್ಲಿ ಇಟ್ಟಿದ್ದರಂತೆ. ವರ್ಷಗಟ್ಟಲೆ ಹಾಸಿಗೆ, ಹಾಲು, ಒಳ್ಳೆಯ ಗಾಳಿ. ಮಕ್ಕಳು ಹತ್ತಿರ ಸುಳಿಯುವಂತಿಲ್ಲ. ಕ್ಷಯ ಬಂದವರು ಮನೆಯಲ್ಲಿ ಉಳಿದರೆ ಮನೆಯೇ ಹಾಳು ಎಂಬುದು ಅಂದಿನವರ ಗಟ್ಟಿ ನಂಬಿಕೆ. ಅದನ್ನು ತೂಗಿ ನೋಡಿದ್ದು ಮದ್ರಾಸಿನಲ್ಲಿ. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದ ವೈದ್ಯರು 193 ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ಸ್ಯಾನಿಟೋರಿಯಮ್ಮಿಗೆ ಹೋದರು. ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ ಉಳಿದರು. ಎರಡೂ ಕಡೆ ಒಂದು ವರ್ಷ ಅದೇ ಔಷಧ. 1959ರಲ್ಲಿ ಲೆಕ್ಕ ಹೊರಗೆ ಬಂದಾಗ ಮನೆಯಲ್ಲಿ ಇದ್ದವರೂ ಹೆಚ್ಚು ಕಡಿಮೆ ಅಷ್ಟೇ ಗುಣ ಹೊಂದಿದ್ದರು. ಹೊಟ್ಟೆ ತುಂಬ ಊಟವಿಲ್ಲದೆ, ವಿಶ್ರಾಂತಿ ಇಲ್ಲದೆ! ಅವರ ಮನೆಯ ಜನಕ್ಕೆ ಹೆಚ್ಚು ರೋಗ ಹಬ್ಬಿರಲೂ ಇಲ್ಲ. ಇಂದು ಜಗತ್ತಿನ ಎಲ್ಲ ಕಡೆ ಕ್ಷಯದವರು ಮನೆಯಲ್ಲಿದ್ದುಕೊಂಡೇ ಗುಳಿಗೆ ನುಂಗುತ್ತಿದ್ದರೆ, ಆ 193 ಜನರ ಹೆಸರು ಬರೆದ ವಹಿಯೇ ಅದಕ್ಕೆ ದೊಡ್ಡ ಕಾರಣ.

ಇನ್ನೊಂದು ನಮ್ಮ ಮಹಾರಾಷ್ಟ್ರದ್ದೇ. ಕೊಂಕಣದ ಕೆಂಪು ಚೇಳು ಕಡಿದರೆ ಬದುಕುವುದು ದೈವಾಧೀನ ಎನ್ನುವ ಕಾಲವಿತ್ತು. ಡಾ. ಹಿಮ್ಮತರಾವ ಬಾವಸ್ಕರ ಎಂಬ ತರುಣ ವೈದ್ಯರು 1976ರಲ್ಲಿ ಮಹಾಡದ ಹತ್ತಿರ ಬಿರವಾಡಿಯ ಸರ್ಕಾರಿ ದವಾಖಾನೆಗೆ ಬಂದರು. ದೊಡ್ಡ ಯಂತ್ರವಿಲ್ಲ, ಪ್ರಯೋಗಶಾಲೆ ಇಲ್ಲ. ಚೇಳು ಕಡಿದವರ ಮಗ್ಗುಲಲ್ಲಿ ರಾತ್ರಿಯೆಲ್ಲ ಕೂತು ನಾಡಿ, ರಕ್ತದೊತ್ತಡ, ಬೆವರು, ಉಸಿರು ಎಲ್ಲವನ್ನೂ ಬರೆದಿಡುತ್ತ ಹೋದರು. ಜನ ಸಾಯುವುದು ಉರಿಯಿಂದಲ್ಲ, ವಿಷವು ಹೃದಯವನ್ನು ಸೋಲಿಸಿ ಪುಪ್ಪುಸದಲ್ಲಿ ನೀರು ತುಂಬಿಸುವುದರಿಂದ ಎಂಬುದು ಆ ಬರಹದಲ್ಲಿ ಎದ್ದು ಕಂಡಿತು. ಹಾಗಾದರೆ ರಕ್ತದೊತ್ತಡಕ್ಕೆ ಕೊಡುವ ಅಗ್ಗದ ಪ್ರಾಜೋಸಿನ್ ಗುಳಿಗೆಯನ್ನೇ ಇದಕ್ಕೆ ಯಾಕೆ ಕೊಡಬಾರದು? ಕೊಟ್ಟರು. ಹಿಂದೆ ವಿಷ ತೀವ್ರವಾಗಿ ಏರಿದವರಲ್ಲಿ ನೂರಕ್ಕೆ 40ರ ಸಮೀಪ ಇದ್ದ ಸಾವು ನೂರಕ್ಕೆ ಒಂದರ ಹತ್ತಿರ ಇಳಿಯಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಇವರ ಬರಹ ಅಚ್ಚು ಹಾಕಿತು. 2022ರಲ್ಲಿ ಪದ್ಮಶ್ರೀ ಬಂತು.

ನಮಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಮುಂದಿನ ಕೆಲಸ. ಪ್ರಾಜೋಸಿನ್ನಿನಿಂದ ಹೆಸರು ಬಂದ ಮೇಲೆ ಅದನ್ನೇ ಹೊಗಳುತ್ತ ಕೂಡಬಹುದಿತ್ತು. ಹಾಗೆ ಮಾಡದೆ ಪತ್ನಿ ಡಾ. ಪ್ರಮೋದಿನಿಯವರೊಂದಿಗೆ 70 ರೋಗಿಗಳನ್ನು ಚೀಟಿಯ ಕ್ರಮದಲ್ಲಿ 35ರಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಪ್ರಾಜೋಸಿನ್ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಚೇಳುವಿಷದ ಪ್ರತಿವಿಷವನ್ನೂ ಕೊಟ್ಟರು. ಹತ್ತು ತಾಸಿನಲ್ಲಿ ಪೂರ್ತಿ ಸುಧಾರಿಸಿದವರು ಮೊದಲನೆಯ ಪಾಲಿನಲ್ಲಿ 8, ಎರಡನೆಯದರಲ್ಲಿ 32. ತನ್ನ ಅಂಗಡಿಯ ಮಾಲಿಗೆ ಇನ್ನೊಂದನ್ನು ಕೂಡಿಸಿದರೆ ಮೇಲು ಎಂದು ತಾನೇ ತೂಗಿ, 2011ರಲ್ಲಿ ತಾನೇ ಸಾರಿದವರು ಅವರು. ನಮ್ಮ ಪೇಟೆಯಲ್ಲಿ ಇಂಥವರನ್ನು ನಾವು ಕಂಡಿಲ್ಲ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಇನ್ನು ಮನೆಯ ಮಾತು. ನಮ್ಮ ಅಣ್ಣನ ಹೆಂಡತಿಯನ್ನು ಮನೆಯವರೆಲ್ಲ ವೈನಿ ಎಂದು ಕರೆಯುತ್ತಿದ್ದೆವು. 1994ರಲ್ಲಿ ಅವರು ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 46. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಹೇಳಲು ನಾಚಿಕೆ, ಅಣ್ಣನಿಗೆ ಹೇಳಲು ಸಂಕೋಚ. ಗೊತ್ತಾಗುವ ಹೊತ್ತಿಗೆ ರೋಗ ಹರಡಿತ್ತು. ದವಾಖಾನೆಯಲ್ಲಿ ಡಾಕ್ಟರರು ಮಾತನಾಡಿದ್ದೂ ಅಣ್ಣನ ಜೊತೆಗೆ, ನಮ್ಮ ಜೊತೆಗೆ. ವೈನಿ ಬಾಗಿಲ ಹೊರಗಿನ ಬಾಕಿನ ಮೇಲೆ ಕೂತಿದ್ದರು. ಅವರ ರೋಗದ ಹೆಸರನ್ನು ಅವರಿಗೆ ಯಾರೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಅವರು ಹೋದ ಐದು ವರ್ಷಕ್ಕೆ, 1999ರ ಕೊನೆಗೆ, ನಳದುರ್ಗ, ತುಳಜಾಪುರ ಕಡೆಯ ನಮ್ಮ ಗಿರಾಕಿಗಳು ಹೊಸದೊಂದು ಸುದ್ದಿ ತರತೊಡಗಿದರು. "ಬಾರ್ಶಿ ದವಾಖಾನಿ ಮಂದಿ ಹಳ್ಳಿಗೆ ಬಂದಾರ್ರಿ. ಹೆಣ್ಣಮಕ್ಕಳದು ತಪಾಸಣಿ ಅಂತ. ಏನೂ ಜಡ್ಡಿಲ್ಲದವರನ್ನೂ ಕರೀತಾರ್ರಿ!" ಜಡ್ಡಿಲ್ಲದವರಿಗೆ ತಪಾಸಣೆ ಯಾಕೆ ಎಂದು ನಾವೆಲ್ಲ ನಕ್ಕೆವು. ಅದು ಎಷ್ಟು ದೊಡ್ಡ ಕೆಲಸವೆಂದು ಆಗ ತಿಳಿದಿರಲಿಲ್ಲ.

ಉಸ್ಮಾನಾಬಾದ ಜಿಲ್ಲೆಯಲ್ಲಿ (2023ರಿಂದ ಇದರ ಹೆಸರು ಧಾರಾಶಿವ) ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಫ್ರಾನ್ಸಿನ ಲಿಯೋನ್ ಪಟ್ಟಣದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೂರೂ ಕೂಡಿ ನಡೆಸಿದ ಅಭ್ಯಾಸ ಅದು. ಡಾ. ಶಂಕರನಾರಾಯಣನ್, ಬಾರ್ಶಿಯ ಡಾ. ನೆನೆ ಮೊದಲಾದವರು ಇದರ ಹಿಂದೆ ಇದ್ದರು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರು. ಹಳ್ಳಿಗಳ 52 ಗುಂಪುಗಳು. ಯಾವ ಗುಂಪಿಗೆ ಯಾವ ತಪಾಸಣೆ ಎಂಬುದನ್ನು ವೈದ್ಯರು ಮನಸ್ಸಿಗೆ ಬಂದ ಹಾಗೆ ಆರಿಸಲಿಲ್ಲ, ಚೀಟಿಯ ಕ್ರಮದಲ್ಲಿಯೇ ಬಿಟ್ಟರು. ಒಂದು ಪಾಲಿಗೆ ಎಚ್.ಪಿ.ವಿ. ಎಂಬ ವೈರಸ್ಸಿನ ತಪಾಸಣೆ. ಈ ಕ್ಯಾನ್ಸರಿಗೆ ಮೂಲ ಅದೇ ವೈರಸ್ಸು. ಇನ್ನೊಂದಕ್ಕೆ ಗಾಜಿನ ಮೇಲೆ ಜೀವಕೋಶ ನೋಡುವ ಪ್ಯಾಪ್ ತಪಾಸಣೆ. ಮೂರನೆಯದಕ್ಕೆ ಸಿರ್ಕಾದಲ್ಲಿರುವ ಆಮ್ಲವನ್ನೇ ತೆಳುವಾಗಿ ಹಚ್ಚಿ ಕಣ್ಣಿನಿಂದ ನೋಡುವುದು. ನಾಲ್ಕನೆಯ ಪಾಲಿಗೆ ತಿಳಿವಳಿಕೆ ಮಾತ್ರ. ಉಳಿದಂತೆ ಊರಿನಲ್ಲಿ ಎಂದಿನಂತೆ ಸಿಗುವ ಉಪಚಾರ. ಎಂಟು ವರ್ಷ ಲೆಕ್ಕ ಇಟ್ಟು 2009ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಲೆಕ್ಕವನ್ನು ನಮ್ಮ ಅಣ್ಣನ ಮಗ ಔಷಧಶಾಸ್ತ್ರ ಓದುವಾಗ ತಂದು ತೋರಿಸಿದ. ವೈನಿಯ ಮಗನೇ ಅವನು. ನಾವು ಕನ್ನಡಕ ಏರಿಸಿ ನೋಡಿದೆವು. ವೈರಸ್ ತಪಾಸಣೆಯ ಪಾಲಿನಲ್ಲಿ 34,126 ಹೆಂಗಸರು, ಕ್ಯಾನ್ಸರು ಕಂಡದ್ದು 127. ತಪಾಸಣೆ ಇಲ್ಲದ ಪಾಲಿನಲ್ಲಿ 31,488 ಹೆಂಗಸರು, ಕ್ಯಾನ್ಸರು 118. "ಇದರಾಗ ಏನು ಲಾಭ ಆತೋ? ಎರಡೂ ಕಡೆ ಅಷ್ಟss ಅದಲ್ಲ" ಎಂದೆವು. ಅವನು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ರೋಗ ಮುಂದುವರಿದ ಮೇಲೆ ಸಿಕ್ಕವರು ಒಂದು ಕಡೆ 39, ಇನ್ನೊಂದು ಕಡೆ 82. ಕ್ಯಾನ್ಸರಿನಿಂದ ಸತ್ತವರು ಒಂದು ಕಡೆ 34, ಇನ್ನೊಂದು ಕಡೆ 64.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಟ್ಟು ವಸೂಲಿಯನ್ನಷ್ಟೇ ನೋಡಿದವನಿಗೆ ಎರಡು ಅಂಗಡಿ ಸಮನಾಗಿ ಕಾಣುತ್ತವೆ. ಮುಳುಗಿದ ಬಾಕಿಯ ಪುಟ ತೆರೆದಾಗ ನಿಜ ತಿಳಿಯುತ್ತದೆ. ತಪಾಸಣೆಯಿಂದ ರೋಗ ಬೇಗ ಕೈಗೆ ಸಿಕ್ಕಿತ್ತು, ಸಾವು ಅರ್ಧದಷ್ಟಾಗಿತ್ತು. ಅದೂ ಜೀವನದಲ್ಲಿ ಒಂದೇ ಸಲ ಮಾಡಿದ ತಪಾಸಣೆಯಿಂದ. ಪ್ಯಾಪ್ ಮತ್ತು ಕಣ್ಣಿನಿಂದ ನೋಡುವ ತಪಾಸಣೆಗಳಲ್ಲಿ ಅಂಥ ಅಂತರ ಇಲ್ಲಿ ಕಾಣಲಿಲ್ಲ. ಆದರೆ ಮುಂಬಯಿಯ ಬಡ ವಸತಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆದ ಟಾಟಾದವರ ಇನ್ನೊಂದು ಅಭ್ಯಾಸದಲ್ಲಿ, ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಕಣ್ಣಿನಿಂದ ನೋಡಿದಾಗ ಸಾವು ನೂರಕ್ಕೆ 31ರಷ್ಟು ಇಳಿದದ್ದು ಕಂಡಿತು. ನೋಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಕ್ಕಳು. ನಮ್ಮ ಹಾಗೆ ಹತ್ತನೆಯ ಇಯತ್ತೆ ಓದಿದವರು.

ಅಣ್ಣನ ಮಗ ಆ ಕಾಗದ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಕೇಳಿದ: "ಕಾಕಾ, ಆ 64 ಮಂದಿ? ಅವರ ಪಾಲಿಗೆ ಚೀಟಿ ಬ್ಯಾರೆ ಬಂದಿದ್ದರ ಅವರಾಗ ಅರ್ಧಾ ಮಂದಿ ಉಳೀತಿದ್ದರೇನು?"

ಈ ಪ್ರಶ್ನೆಯನ್ನು ಪರದೇಶದ ವೈದ್ಯರೂ ಎತ್ತಿದ್ದಾರೆ. ಒಂದು ಪಾಲನ್ನು ತಪಾಸಣೆ ಇಲ್ಲದೆ ಬಿಟ್ಟದ್ದು ನ್ಯಾಯವೇ ಎಂದು ಬಹಳ ವಾದ ನಡೆಯಿತು. ಅಂದು ಆ ಜಿಲ್ಲೆಯಲ್ಲಿ ಯಾವ ತಪಾಸಣೆಯೂ ಇರಲಿಲ್ಲ, ಇದ್ದದ್ದನ್ನು ಯಾರಿಂದಲೂ ಕಸಿದುಕೊಳ್ಳಲಿಲ್ಲ ಎಂಬುದು ಸಂಶೋಧಕರ ಪಕ್ಷ. ಪ್ಯಾಪ್ ತಪಾಸಣೆಯ ಲಾಭ ಶ್ರೀಮಂತ ದೇಶಗಳಲ್ಲಿ ಮೊದಲೇ ತಿಳಿದಿತ್ತಲ್ಲ ಎಂಬುದು ಎದುರು ಪಕ್ಷ. ನಮ್ಮ ಬುದ್ಧಿಗೆ ಎರಡೂ ಮಾತು ತೂಕದವಾಗಿ ಕಾಣುತ್ತವೆ. ತೂಗಲು ಎರಡನೆಯ ತಟ್ಟೆ ಬೇಕೇ ಬೇಕು, ಅದಿಲ್ಲದೆ 39 ಎಂಬುದು ಹೆಚ್ಚೋ ಕಡಿಮೆಯೋ ಹೇಳಲಾಗದು. ಆದರೆ ಆ ತಟ್ಟೆಯಲ್ಲಿ ಕೂತವರು ಯಾರದೋ ಮನೆಯ ವೈನಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂವತ್ತು ದಾಟಿದ ಹೆಂಗಸರಿಗೆ ಐದರಿಂದ ಹತ್ತು ವರ್ಷಕ್ಕೊಮ್ಮೆ ಈ ವೈರಸ್ ತಪಾಸಣೆಯೇ ಮೊದಲು ಆಗಲಿ ಎಂದು ಹೇಳಿತು. ನಮ್ಮ ಪಕ್ಕದ ಜಿಲ್ಲೆಯ ಒಕ್ಕಲಿಗ ಹೆಂಗಸರ ಸಾಕ್ಷಿ ಆ ಮಾತಿನ ಹಿಂದೆ ಇದೆ.

ಅದೇ ಬಾರ್ಶಿಯ ಆಸ್ಪತ್ರೆ ಇನ್ನೊಂದು ಅಭ್ಯಾಸದಲ್ಲಿಯೂ ಪಾಲುಗೊಂಡಿತ್ತು. 2009ರಲ್ಲಿ ದೇಶದ ಹಲವು ಕಡೆ ಬಾಲಕಿಯರಿಗೆ ಈ ವೈರಸ್ಸಿನ ಲಸಿಕೆಯನ್ನು ಎರಡು ಸಲ ಕೊಟ್ಟರೆ ಸಾಕೋ, ಮೂರು ಸಲ ಬೇಕೋ ಎಂದು ನೋಡಲು ಹೊರಟರು. 20,000 ಬಾಲಕಿಯರು ಬೇಕಾಗಿತ್ತು. 17,729 ಆಗುವಷ್ಟರಲ್ಲಿ, 2010ರ ಏಪ್ರಿಲಿನಲ್ಲಿ, ಸರ್ಕಾರ ಲಸಿಕೆ ನಿಲ್ಲಿಸಿತು. ಕಾರಣ ಬೇರೆಯೇ ಒಂದು ಯೋಜನೆ. ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ನಡೆದ ಅದರಲ್ಲಿ ಲಸಿಕೆ ಪಡೆದ ಕೆಲವು ಬಾಲಕಿಯರು ಸತ್ತಿದ್ದರು. ತನಿಖೆಯಲ್ಲಿ ಸಾವಿಗೂ ಲಸಿಕೆಗೂ ಸಂಬಂಧ ಸಿದ್ಧವಾಗಲಿಲ್ಲ. ಆದರೆ ಇನ್ನೊಂದು ಸಂಗತಿ ಹೊರಬಿತ್ತು: ಹಾಸ್ಟೆಲಿನ ಎಷ್ಟೋ ಬಡ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿಗಳ ಬದಲು ವಾರ್ಡನ್ನರೇ ಸಹಿ ಹಾಕಿದ್ದರು.

ನಿಂತುಹೋದ ಅಭ್ಯಾಸ ಏನಾಯಿತು? 4,949 ಬಾಲಕಿಯರಿಗೆ ಒಂದೇ ಡೋಸು ಸಿಕ್ಕಿತ್ತು. ಬೇರೆಯವರಾಗಿದ್ದರೆ ಅರ್ಧಕ್ಕೆ ನಿಂತ ವಹಿಯನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಈ ವೈದ್ಯರು ಹತ್ತು ವರ್ಷ ಆ ಹುಡುಗಿಯರ ಬೆನ್ನು ಬಿಡದೆ ತಪಾಸಣೆ ಮಾಡಿದರು. ಒಂದೇ ಡೋಸಿನವರಿಗೂ ಮೂರು ಡೋಸಿನವರಿಗೂ ರಕ್ಷಣೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇದು ಪ್ರಕಟವಾಯಿತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವಯಸ್ಸಿನವರಿಗೆ ಒಂದು ಡೋಸೂ ನಡೆಯುತ್ತದೆ ಎಂದು ಒಪ್ಪಿತು. ಬಡ ದೇಶಗಳಿಗೆ ಇದರಿಂದ ಉಳಿಯುವ ಹಣವನ್ನು ಬಾಂಧವರೇ ಲೆಕ್ಕ ಹಾಕಬಹುದು. ನಮ್ಮ ಮನೆಯ ಹೆಣ್ಣು ಮೊಮ್ಮಕ್ಕಳಿಬ್ಬರಿಗೂ ಲಸಿಕೆ ಹಾಕಿಸಿದ್ದೇವೆ.

ಸಹಿಯ ಮಾತು ಬಂದದ್ದರಿಂದ ನಮ್ಮದೇ ಒಂದು ತಪ್ಪನ್ನೂ ಹೇಳಿಬಿಡಬೇಕು. 2008ರಲ್ಲಿ ನಮ್ಮ ತಮ್ಮ ಸಕ್ಕರೆ ಕಾಯಿಲೆಗೆಂದು ಒಂದು ದೊಡ್ಡ ಊರಿನ ದವಾಖಾನೆಗೆ ಹೋಗುತ್ತಿದ್ದ. ಒಂದು ದಿನ ಹದಿನಾರು ಪುಟದ ಇಂಗ್ಲಿಷ್ ಕಾಗದ ಮುಂದಿಟ್ಟು "ಇಲ್ಲಿ ಸಹಿ ಮಾಡ್ರಿ" ಎಂದರಂತೆ. ಮಾಡಿದ. ಕೋರಾ ಕಾಗದದ ಮೇಲೆ ಸಹಿ ಮಾಡಬಾರದೆಂದು ಅಪ್ಪ ಚಿಕ್ಕಂದಿನಿಂದ ಹೇಳಿದ್ದರೂ, ಓದಲು ಬಾರದ ಕಾಗದವೂ ಕೋರಾ ಕಾಗದವೇ ಎಂದು ಅವನಿಗೆ ಹೊಳೆಯಲಿಲ್ಲ. ಜೊತೆಗಿದ್ದ ನಮಗೂ ಹೊಳೆಯಲಿಲ್ಲ. ಹೊರಡುವಾಗ ಬಸ್ಸಿನ ಖರ್ಚೆಂದು ಮುನ್ನೂರು ರೂಪಾಯಿ ಕೈಗೆ ಕೊಟ್ಟಾಗ ಮಾತ್ರ ವ್ಯಾಪಾರಿಯ ಬುದ್ಧಿ ಎಚ್ಚೆತ್ತಿತು. ಗಿರಾಕಿಗೆ ಅಂಗಡಿಯವನೇ ರೊಕ್ಕ ಕೊಡುವುದುಂಟೇ? ಮನೆಗೆ ಬಂದು ಅಣ್ಣನ ಮಗನಿಂದ ಓದಿಸಿದೆವು. ಕಂಪನಿಯೊಂದರ ಹೊಸ ಗುಳಿಗೆಯ ಪರೀಕ್ಷೆ ಅದು. ತಮ್ಮ ಹೆದರಿ ಯಾರಿಗೂ ಹೇಳದೆ ಆ ಗುಳಿಗೆಯನ್ನೂ ಬಿಟ್ಟ, ಹಳೆಯದನ್ನೂ ಬಿಟ್ಟ. ಹದಿನೈದು ದಿನದಲ್ಲಿ ಸಕ್ಕರೆ ಏರಿ ಮಲಗಿದ. ತಿಳಿಸಿ ಹೇಳದೆ ಸಹಿ ಪಡೆದದ್ದು ಅವರ ತಪ್ಪು. ಮರುದಿನವೇ ಹೋಗಿ "ನಮಗೆ ಬೇಡ, ಮೊದಲಿನ ಔಷಧ ಕೊಡಿರಿ" ಎನ್ನದೆ ಓಡಿಬಂದದ್ದು ನಮ್ಮದು.

ಈಗ ಕಾಯದೆ ಬಿಗಿಯಾಗಿದೆ. ಇಂಥ ಔಷಧ ಪರೀಕ್ಷೆಗಳನ್ನು ಸರ್ಕಾರದ ನೋಂದಣಿ ಪುಸ್ತಕದಲ್ಲಿ ಮೊದಲೇ ದಾಖಲು ಮಾಡುವುದು 2009ರ ಜೂನ್‌ನಿಂದ ಕಡ್ಡಾಯವಾಯಿತು. ಪರೀಕ್ಷೆಯಿಂದಲೇ ಹಾನಿಯಾದರೆ ಪರಿಹಾರ ಕೊಡಬೇಕೆಂಬ ನಿಯಮ 2013ರಲ್ಲಿ ಬಂತು. 2019ರ ಹೊಸ ನಿಯಮಗಳಲ್ಲಿಯೂ ಅದು ಉಂಟು. ನಮಗೆ ತಿಳಿಯುವ ಭಾಷೆಯಲ್ಲಿ ಬರೆದ ಪತ್ರಿಕೆ ಕೇಳಿ ಪಡೆಯಬಹುದು. ನಡುವೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಎಂದಿನ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ, ಹೋದ ವರ್ಷ ನಮ್ಮ ಮನೆಯವರನ್ನೇ ಕೇಳಿದಾಗ ನಮ್ಮ ಎದೆ ಹೊಡೆದುಕೊಂಡಿತು. ಅವರಿಗೆ ರಕ್ತದೊತ್ತಡವಿದೆ. ಪೇಟೆಯಲ್ಲಿ ಮೊದಲಿನಿಂದಲೂ ಸಿಗುವ ಎರಡು ಔಷಧಗಳನ್ನು ಬೇರೆಬೇರೆಯಾಗಿ ಕೊಡುವುದು ಒಳ್ಳೆಯದೋ, ಒಂದೇ ಗುಳಿಗೆಯಲ್ಲಿ ಕೂಡಿಸಿ ಕೊಡುವುದು ಒಳ್ಳೆಯದೋ ಎಂದು ವೈದ್ಯರೇ ನಡೆಸುತ್ತಿರುವ ಅಭ್ಯಾಸ. ನಾವು ಅಭ್ಯಾಸಬಲದಿಂದ "ಬ್ಯಾಡ್ರಿ ಸಾಹೇಬರ" ಎಂದುಬಿಟ್ಟೆವು. ಡಾಕ್ಟರರು ನಮ್ಮ ಕಡೆ ನೋಡಲೇ ಇಲ್ಲ. "ಕಾಕು, ನೀವು ಏನಂತೀರಿ?" ಎಂದು ಅವರನ್ನೇ ಕೇಳಿದರು.

ಮನೆಯವರ ತವರು ಇಂಡಿ, ಓದುವುದು ಕನ್ನಡ. ಕೊಟ್ಟದ್ದು ಮರಾಠಿ ಪತ್ರಿಕೆ. "ಕನ್ನಡದಾಗ ಕೊಡ್ರಿ, ಓದಿ ಹೇಳತೀನಿ" ಎಂದರು. ಒಂದು ವಾರಕ್ಕೆ ಕನ್ನಡದ್ದು ಬಂತು. ಎರಡು ದಿನ ಮಧ್ಯಾಹ್ನ ಕೂತು ಪೆನ್ಸಿಲಿನಿಂದ ಗೆರೆ ಎಳೆದು ಓದಿದರು. ತಿರುಗಿ ಹೋದಾಗ ಕೇಳಿದ ಪ್ರಶ್ನೆಗಳು ನಮಗಂತೂ ಹೊಳೆದಿರಲಿಲ್ಲ. ಗುಳಿಗೆ ರಾತ್ರಿ ಊಟದ ಮೇಲೆ ಎಂದು ಬರೆದಿದೆ. ನಾನು ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ, ಹೇಗೆ? ಚತುರ್ದಶಿಗೆ ಉಪವಾಸ, ದಶಲಕ್ಷಣ ಪರ್ವದಲ್ಲಿ ಒಂದು ಹೊತ್ತಿನ ಊಟ, ಆಗ ಹೇಗೆ? ಗುಳಿಗೆಯ ಹೊದಿಕೆ ಜಿಲೆಟಿನ್ನಿನದೇನು?

ಡಾಕ್ಟರರು ನಗಲಿಲ್ಲ. ಹೊದಿಕೆಯ ವಿಚಾರಿಸಿ ಜಿಲೆಟಿನ್ ಇಲ್ಲವೆಂದು ಹೇಳಿದರು. ಮೇಲಿನವರನ್ನು ಕೇಳಿ, ಸಂಜೆಯ ಊಟದ ಜೊತೆಗೇ ತೆಗೆದುಕೊಂಡರೂ ನಡೆಯುತ್ತದೆ ಎಂದರು. ಉಪವಾಸದ ದಿನ ಗುಳಿಗೆ ಬಿಡುವುದು ಹಿತವಲ್ಲ, ಸಾಧ್ಯವಾದರೆ ಬಿಡಬೇಡಿರಿ ಎಂದು ನಿಷ್ಠುರವಾಗಿಯೇ ಹೇಳಿದರು. "ಆದರ ಬಿಟ್ಟರ ಬಿಟ್ಟೀನಿ ಅಂತ ಬರೀರಿ, ಕಾಕು. ನುಂಗೀನಿ ಅಂತ ಸುಳ್ಳು ಬರದರ ನಮ್ಮ ಲೆಕ್ಕನೂ ಕೆಡತದ, ಮುಂದ ಆ ಲೆಕ್ಕಾ ನಂಬಿ ಗುಳಿಗಿ ತಗೊಳ್ಳೋರೂ ಕೆಡತಾರ." ಅಂಗಡಿಯ ಎಷ್ಟೋ ಗುಮಾಸ್ತರಿಗೆ ನಾವು ಹೇಳಿದ ಮಾತು ಅದು. ದವಾಖಾನೆಯಲ್ಲಿ ಕೇಳಿದ್ದು ಅದೇ ಮೊದಲು.

ಒಪ್ಪಿಗೆ ಪತ್ರ ಮುಂದೆ ಬಂದಾಗ ನಾವು ಲೇಖಣಿ ತೆಗೆದೆವು. ಮನೆಯವರು ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು, ತಮ್ಮ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರು ಸಹಿತ, ಕನ್ನಡದಲ್ಲಿ ಬರೆದರು. ದಾರಿಯಲ್ಲಿ ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ವೈನಿಗೆ ಯಾರೂ ಕೇಳಲಿಲ್ಲ ನೋಡ್ರಿ."

ಈಗ ಅವರ ಹತ್ತಿರ ಕೆಂಪು ರಟ್ಟಿನ ಒಂದು ಸಣ್ಣ ವಹಿ ಇದೆ. ಅಂಗಡಿಯಿಂದಲೇ ಒಯ್ದದ್ದು. ದಿನಾಂಕ, ತಾಸು, ಗುಳಿಗೆ, ತಲೆಸುತ್ತು ಬಂದಿತ್ತೋ ಇಲ್ಲವೋ, ಎಲ್ಲ ಅದರಲ್ಲಿ. ಹೋದ ಚತುರ್ದಶಿಯ ಎದುರಿಗೆ "ಉಪವಾಸ, ಗುಳಿಗೆ ಇಲ್ಲ" ಎಂದು ಇದೆ. ಮುಂದಿನ ತಪಾಸಣೆ ದೀಪಾವಳಿ ಆದ ಮೇಲಿನ ಸೋಮವಾರ. ಆ ದಿನ ಅಂಗಡಿಯಲ್ಲಿ ಮಾಲಿನ ಎಣಿಕೆ ಇರುವುದರಿಂದ ನಮಗೆ ಬಿಡುವಿಲ್ಲ. ಅವರು ಒಬ್ಬರೇ ಹೋಗಿಬರುತ್ತಾರೆ.